ಕೆಟ್ಟದ್ದು ಕೀಲಿಮಣೆಯೋ, ಮಾತುಕತೆಯೋ?

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಳಗಿನ ಹೊತ್ತು ಕಾಲಿಟ್ಟವರಿಗೆ ಹಣ್ಣು ತರಕಾರಿಗಳ ರಾಶಿಗಿಂತ ಮೊದಲು ಎದುರಾಗುವುದು ಭಾಷೆಗಳ ಸಂತೆ. ನಿಂಬೆಹಣ್ಣಿನ ಬೆಲೆಯನ್ನು ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಚೌಕಾಸಿ ಮಾಡಿ, ದಖ್ಖನಿ ಉರ್ದುವಿನಲ್ಲಿ ಒಪ್ಪಂದಕ್ಕೆ ಬರುವುದು ಇಲ್ಲಿ ದಿನನಿತ್ಯದ ಸಂಗತಿ. ದಂಡು ಪ್ರದೇಶದ ಮುನಿಸಿಪಲ್ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್ ಅವರ ಹೆಸರು ಹೊತ್ತ ಈ ಕಟ್ಟಡ 1927ರಲ್ಲಿ ಎದ್ದು ನಿಂತಿತು. 1933ರಲ್ಲಿ ಅದರ ಉದ್ಘಾಟನೆಯಾಯಿತು. ಅಂದಿನಿಂದಲೂ ಇಲ್ಲಿನ ವ್ಯಾಪಾರಕ್ಕೆ ಒಂದು ನಿಯಮವಿದೆ. ಸರಕು ಕೆಟ್ಟರೆ ವ್ಯಾಪಾರ ಕೆಡುತ್ತದೆ, ನಿಜ. ಆದರೆ ಸರಕು ಚೆನ್ನಾಗಿದ್ದೂ ಕೇಳುವವನ ಮಾತು ಕೊಡುವವನಿಗೆ ತಿಳಿಯದೆ ಹೋದರೂ ವ್ಯಾಪಾರ ಕೆಡುತ್ತದೆ.

ಇದೇ ಶಿವಾಜಿನಗರದ ಗುಜರಿ, ಹಳೆಯ ವಾಹನಗಳ ಬಿಡಿಭಾಗಗಳಿಗೆ ಊರಿಗೆಲ್ಲ ಹೆಸರಾದುದು. ಕಂಪ್ಯೂಟರಿನ ಬಿಡಿಭಾಗ ಬೇಕಾದವರು ಎಸ್.ಪಿ. ರಸ್ತೆಯ ದಾರಿ ಹಿಡಿಯುತ್ತಾರೆ. ಎರಡೂ ಕಡೆ ನಡೆಯುವ ತೀರ್ಮಾನ ಮಾತ್ರ ಒಂದೇ: ಯಾವುದು ಸತ್ತಿದೆ, ಯಾವುದಕ್ಕೆ ಇನ್ನೂ ಜೀವವಿದೆ? ಜೀವವಿದ್ದದ್ದಕ್ಕೆ ಬಿಡಿಯಾಗಿ ಬೆಲೆ. ಸತ್ತದ್ದಕ್ಕೆ ತೂಕದ ಲೆಕ್ಕದಲ್ಲಿ ಬೆಲೆ. ಕಚೇರಿಗಳಿಂದ, ಮನೆಗಳಿಂದ ಹೊರಬಿದ್ದ ಹಳೆಯ ಕೀಲಿಮಣೆ, ಮೌಸ್‌ಗಳ ಪಾಲಿಗೆ ಬಂದಿರುವುದು ಹೆಚ್ಚಾಗಿ ಈ ತೂಕದ ಲೆಕ್ಕವೇ. ಆದರೆ ಯುನಿಕ್ಸ್ ಬಳಗದ ಆಪರೇಟಿಂಗ್ ಸಿಸ್ಟಂಗಳಲ್ಲಿ, ಅದರಲ್ಲೂ 1990ರ ದಶಕದ ಲಿನಕ್ಸ್‌ನಲ್ಲಿ, ‘ಸತ್ತಿದೆ’ ಎಂದು ಬದಿಗೆ ಸರಿಸಿದ ಉಪಕರಣಗಳಲ್ಲಿ ಎಷ್ಟೋ ಸತ್ತಿರಲಿಲ್ಲ. ಅವುಗಳ ಮಾತು ಯಂತ್ರಕ್ಕೆ ತಿಳಿದಿರಲಿಲ್ಲ, ಅಷ್ಟೆ. ಆ ಮಾತುಕತೆ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿದರೆ ಒಂದು ಉಪಕರಣ ಉಳಿಯುತ್ತದೆ. ಕನ್ನಡದ ಅಕ್ಷರಗಳು ಕಂಪ್ಯೂಟರಿನೊಳಗೆ ಹೋಗುವಾಗ ಪಟ್ಟ ಪಾಡೂ ತಿಳಿಯುತ್ತದೆ.

ಟೆಲಿಟೈಪ್ ಬಿಟ್ಟುಹೋದ ಚಾಳಿಗಳು

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಅದನ್ನು ರೂಪಿಸಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಮುಂದೆ ಈಗಿನಂತಹ ಪರದೆ ಇರಲಿಲ್ಲ. ಇದ್ದದ್ದು ಟೆಲಿಟೈಪ್, ಅಂದರೆ ತಂತಿಯ ಮೂಲಕ ಅಕ್ಷರ ಕಳಿಸುವ, ಬಂದ ಅಕ್ಷರವನ್ನು ಕಾಗದದ ಮೇಲೆ ಕುಟ್ಟುವ ಬೆರಳಚ್ಚು ಯಂತ್ರ. ಅಂದು ಹೆಚ್ಚು ಬಳಕೆಯಲ್ಲಿದ್ದ ‘ಮಾಡೆಲ್ 33’ ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಅಚ್ಚು ಮಾಡುತ್ತಿತ್ತು. ಕೀಲಿಗಳನ್ನು ಗಟ್ಟಿಯಾಗಿ ಒತ್ತಬೇಕಿತ್ತು. ಯುನಿಕ್ಸ್‌ನ ಆಜ್ಞೆಗಳು ‘ಎಲ್‌ಎಸ್’, ‘ಸಿಪಿ’, ‘ಎಂವಿ’ ಎಂದು ಎರಡೇ ಅಕ್ಷರಗಳಲ್ಲಿ ಮುಗಿಯುವುದರ ಹಿಂದೆ ಆ ಬೆರಳುಗಳ ಆಯಾಸವಿದೆ. ಲಿನಕ್ಸ್‌ನಲ್ಲಿ ಇಂದಿಗೂ ಕೀಲಿಮಣೆ ಮತ್ತು ಪರದೆಯ ಜೋಡಿಗೆ ‘ಟಿಟಿವೈ’ ಎಂಬ ಹೆಸರಿದೆ. ಅದು ಟೆಲಿಟೈಪ್ ಎಂಬುದರ ಮೊಟಕು ರೂಪ.

ಕಾಗದದ ಮೇಲೆ ಒಮ್ಮೆ ಕುಟ್ಟಿದ ಅಕ್ಷರವನ್ನು ಅಳಿಸಲಾಗದು. ಆದ್ದರಿಂದ ತಪ್ಪು ಅಕ್ಷರದ ಮುಂದೆ # ಗುರುತು ಒತ್ತಿದರೆ ಹಿಂದಿನ ಅಕ್ಷರ ರದ್ದು, @ ಒತ್ತಿದರೆ ಇಡೀ ಸಾಲೇ ರದ್ದು ಎಂಬ ಏರ್ಪಾಡು ಮಾಡಲಾಯಿತು. ಪರದೆಗಳು ಬಂದ ಮೇಲೂ ಈ ಚಾಳಿ ಎಷ್ಟೋ ವರ್ಷ ಉಳಿಯಿತು. ಹೊಸ ಕೀಲಿಮಣೆ ಜೋಡಿಸಿ @ ಒತ್ತಿದೊಡನೆ ಬರೆದದ್ದೆಲ್ಲ ಮಾಯವಾದರೆ ಕೀಲಿಮಣೆ ಕೆಟ್ಟಿದೆ ಎಂದು ಭಾವಿಸಿದವರ ತಪ್ಪೇನೂ ಇರಲಿಲ್ಲ.

ಇಂತಹುದೇ ಇನ್ನೊಂದು ಚಾಳಿ ಅಕ್ಷರದ ಗಾತ್ರದ್ದು. ಮಾಡೆಲ್ 33ರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳು ಮಾತ್ರ ಇದ್ದವು. ಹಾಗಾಗಿ ಬಳಕೆದಾರ ತನ್ನ ಹೆಸರನ್ನು ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಕೊಟ್ಟರೆ, ‘ಪಾಪ, ಇವನ ಬಳಿ ಸಣ್ಣ ಅಕ್ಷರಗಳಿಲ್ಲ’ ಎಂದು ಯುನಿಕ್ಸ್ ತಾನೇ ತೀರ್ಮಾನಿಸಿ, ಮುಂದೆ ಎಲ್ಲವನ್ನೂ ದೊಡ್ಡ ಅಕ್ಷರಗಳಲ್ಲೇ ತೋರಿಸುತ್ತಿತ್ತು. ಕ್ಯಾಪ್ಸ್ ಲಾಕ್ ಕೀಲಿ ಅರಿವಿಲ್ಲದೆ ಒತ್ತಿಹೋಗಿದ್ದರೂ ಇದೇ ಫಲ. ರೋಗ ಕೀಲಿಮಣೆಯದಲ್ಲ, ಯಂತ್ರದ ಅತಿಯಾದ ಮರ್ಯಾದೆಯದು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಗಾಬರಿಗೊಳಿಸಿದ್ದು ಕಂಟ್ರೋಲ್ ಕೀಲಿಯ ಜೊತೆ ‘ಎಸ್’ ಒತ್ತಿದಾಗ ಆಗುವ ಸ್ತಬ್ಧತೆ. ‘ಕಾಗದ ತುಂಬುತ್ತಿದೆ, ಸ್ವಲ್ಪ ನಿಲ್ಲು’ ಎಂದು ನಿಧಾನಗತಿಯ ಯಂತ್ರ ಹೇಳುತ್ತಿದ್ದ ಸಂಕೇತ ಅದು. ಅದನ್ನು ಒತ್ತಿದರೆ ಪರದೆ ಕಲ್ಲಾಗುತ್ತದೆ. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಕಂಟ್ರೋಲ್ ಜೊತೆ ‘ಕ್ಯೂ’ ಒತ್ತಿದರೆ ಸಾಕು, ನಡುವೆ ಬಡಿದ ಅಕ್ಷರಗಳೆಲ್ಲ ಸಾಲಾಗಿ ಹೊರಬರುತ್ತವೆ. ಯಾವುದೋ ಕಡತ ತೆರೆಯಲು ಹೋಗಿ ಪರದೆಯ ತುಂಬ ಚಿತ್ರವಿಚಿತ್ರ ಗುರುತುಗಳು ಬಂದು, ಎಂಟರ್ ಕೀಲಿಯೂ ಕೆಲಸ ಮಾಡದಾದಾಗ ಹಳಬರು ಬಳಸುವ ಮಂತ್ರ ಬೇರೆ: ಕಂಟ್ರೋಲ್-ಜೆ ಒತ್ತಿ, ‘ಎಸ್‌ಟಿಟಿವೈ ಸೇನ್’ ಎಂಬ ಆಜ್ಞೆ ಬರೆದು, ಮತ್ತೆ ಕಂಟ್ರೋಲ್-ಜೆ ಒತ್ತುವುದು. ‘ಬುದ್ಧಿ ಸ್ಥಿಮಿತಕ್ಕೆ ಬರಲಿ’ ಎಂಬುದೇ ಆ ಆಜ್ಞೆಯ ಅರ್ಥ.

ಒಂದೇ ಪಿನ್ನು, ಎರಡು ನುಡಿ

ತಂತ್ರಾಂಶದ ಚಾಳಿಗಳು ಹೀಗಾದರೆ, ಯಂತ್ರದ ಚಾಳಿಗಳು ಬೇರೆ. ಐಬಿಎಂ ಸಂಸ್ಥೆ 1981ರಲ್ಲಿ ತನ್ನ ಪಿಸಿಯನ್ನೂ 1984ರಲ್ಲಿ ‘ಎಟಿ’ ಎಂಬ ಮಾದರಿಯನ್ನೂ ಹೊರತಂದಿತು. ಎರಡರ ಕೀಲಿಮಣೆಗೂ ಐದು ಪಿನ್ನುಗಳ ಒಂದೇ ಬಗೆಯ ದುಂಡನೆಯ ಪ್ಲಗ್ಗು. ಆದರೆ ತಂತಿಯೊಳಗೆ ಹರಿಯುವ ಸಂಕೇತಗಳ ಕ್ರಮ ಬೇರೆ ಬೇರೆ. ‘ಎಕ್ಸ್‌ಟಿ’ ಎಂದು ಕರೆಸಿಕೊಳ್ಳುವ ಮೊದಲ ಬಗೆಯದು ಏಕಮುಖ ಸಂಚಾರ. ಕೀಲಿಮಣೆ ಹೇಳುತ್ತದೆ, ಕಂಪ್ಯೂಟರ್ ಕೇಳುತ್ತದೆ. ಎಟಿ ಬಗೆಯಲ್ಲಿ ಎರಡೂ ಕಡೆಯಿಂದ ಮಾತು. ಒಂದರ ಕೀಲಿಮಣೆಯನ್ನು ಇನ್ನೊಂದಕ್ಕೆ ಚುಚ್ಚಿದರೆ ಪ್ಲಗ್ಗು ಸಲೀಸಾಗಿ ಕೂರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಇದಕ್ಕಾಗಿಯೇ ಹಲವು ತಯಾರಕರು ಕೀಲಿಮಣೆಯ ತಳದಲ್ಲಿ ಒಂದು ಪುಟ್ಟ ಸ್ವಿಚ್ಚು ಇಟ್ಟಿದ್ದರು. ಅದನ್ನು ಆಚೆಯಿಂದ ಈಚೆಗೆ ಸರಿಸಿದರೆ ಸತ್ತ ಕೀಲಿಮಣೆ ಎದ್ದು ಕೂರುತ್ತಿತ್ತು. ಮಗುಚಿ ನೋಡದವರು ಅದನ್ನು ಗುಜರಿಗೆ ಹಾಕಿದರು.

1987ರಲ್ಲಿ ಐಬಿಎಂ ತನ್ನ ‘ಪಿಎಸ್/2’ ಯಂತ್ರಗಳಿಗೆ ಆರು ಪಿನ್ನಿನ ಪುಟ್ಟ ಪ್ಲಗ್ಗನ್ನು ತಂದಿತು. ಇಲ್ಲಿ ಸಮಸ್ಯೆ ತಿರುವು ಮುರುವು. ಪ್ಲಗ್ಗು ಬೇರೆ, ನುಡಿ ಮಾತ್ರ ಎಟಿಯದೇ. ಆದ್ದರಿಂದ ಒಂದು ಅಗ್ಗದ ಪರಿವರ್ತಕ ಪಿನ್ನು ಸಿಕ್ಕಿಸಿದರೆ ಹಳೆಯ ಎಟಿ ಕೀಲಿಮಣೆ ಹೊಸ ಯಂತ್ರದಲ್ಲಿ ನಡೆಯುತ್ತದೆ. ಆದರೆ ಕೀಲಿಮಣೆಗೂ ಮೌಸ್‌ಗೂ ಒಂದೇ ಆಕಾರದ ರಂಧ್ರಗಳಿದ್ದುದರಿಂದ ಅದಲುಬದಲಾಗುವುದು ಸಾಮಾನ್ಯವಾಗಿತ್ತು. ಕೀಲಿಮಣೆಗೆ ನೇರಳೆ, ಮೌಸ್‌ಗೆ ಹಸಿರು ಎಂಬ ಬಣ್ಣದ ಗುರುತು ಬಂದದ್ದು 1990ರ ದಶಕದ ಕೊನೆಯ ಹೊತ್ತಿಗೆ. ಈ ಪ್ಲಗ್ಗನ್ನು ಯಂತ್ರ ಚಾಲೂ ಇರುವಾಗ ಕಿತ್ತು ಚುಚ್ಚಬಾರದು. ಹಾಗೆ ಮಾಡಿದರೆ ಮದರ್‌ಬೋರ್ಡಿನ ಮೇಲಿನ ಪುಟ್ಟ ಫ್ಯೂಸು ಹೋಗುವ ಸಂಭವವುಂಟು. ಆಗ ಕೀಲಿಮಣೆ ನೂರು ಬದಲಿಸಿದರೂ ಪ್ರಯೋಜನವಿಲ್ಲ.

ದೀಪ ಹೇಳುವ ಸಾಕ್ಷಿ

ಎಟಿ ಬಗೆಯ ಕೀಲಿಮಣೆಗೆ ಜೀವವಿದೆಯೇ ಎಂದು ತಿಳಿಯಲು ಸುಲಭ ಉಪಾಯವೊಂದಿದೆ. ವಿದ್ಯುತ್ ಬಂದೊಡನೆ ಮೂಲೆಯ ಮೂರು ದೀಪಗಳು ಒಮ್ಮೆ ಮಿನುಗಿದರೆ, ಕೀಲಿಮಣೆ ತನ್ನನ್ನು ತಾನು ಪರೀಕ್ಷಿಸಿಕೊಂಡಿತು ಎಂದರ್ಥ. ಆಮೇಲೆ ನಮ್ ಲಾಕ್ ಕೀಲಿ ಒತ್ತಬೇಕು. ಅದರ ದೀಪವನ್ನು ಹೊತ್ತಿಸುವುದು ಕೀಲಿಮಣೆಯಲ್ಲ. ಒತ್ತಿದ ಸುದ್ದಿ ಕಂಪ್ಯೂಟರಿಗೆ ಮುಟ್ಟಿ, ಅಲ್ಲಿಂದ ‘ದೀಪ ಹಚ್ಚು’ ಎಂಬ ಅಪ್ಪಣೆ ಹಿಂದಿರುಗಬೇಕು. ದೀಪ ಹೊತ್ತಿ ಆರುತ್ತಿದ್ದರೆ ಹೋಗುವ ದಾರಿ, ಬರುವ ದಾರಿ ಎರಡೂ ಸರಿಯಾಗಿವೆ. ಇನ್ನು ಹುಡುಕಬೇಕಾದದ್ದು ತಂತ್ರಾಂಶದಲ್ಲಿ. ದೀಪ ಅಲುಗದಿದ್ದರೆ ಪ್ಲಗ್ಗಿನ ಬುಡದಲ್ಲಿ, ತಂತಿ ಬಾಗಿ ಬಾಗಿ ತುಂಡಾಗುವ ಜಾಗವನ್ನು ಮೊದಲು ನೋಡಬೇಕು.

ಕೆಲವು ಕೀಲಿಗಳು ಮಾತ್ರ ಕೈಕೊಟ್ಟರೆ ಅದಕ್ಕೂ ಒಂದು ಲೆಕ್ಕವಿದೆ. ಕೀಲಿಗಳ ಅಡಿಯಲ್ಲಿ ತಂತಿಗಳು ಚದುರಂಗದ ಮಣೆಯಂತೆ ಅಡ್ಡಸಾಲು, ಉದ್ದಸಾಲುಗಳಲ್ಲಿ ಹಾಯುತ್ತವೆ. ಕೀಲಿ ಒತ್ತಿದಾಗ ಒಂದು ಅಡ್ಡಸಾಲು ಒಂದು ಉದ್ದಸಾಲನ್ನು ಮುಟ್ಟುತ್ತದೆ. ಒಂದೇ ಕೀಲಿ ಕೆಲಸ ಮಾಡದಿದ್ದರೆ ಅದರಡಿ ದೂಳೋ, ಚೆಲ್ಲಿದ ಚಹಾದ ಜಿಡ್ಡೋ ಇರಬಹುದು, ಒರೆಸಿದರೆ ಸರಿಹೋದೀತು. ಹಲವು ಕೀಲಿಗಳು ಒಟ್ಟಿಗೆ ನಿಂತರೆ ಅವೆಲ್ಲ ಸೇರಿದ ಸಾಲಿನ ಎಳೆಯೇ ಕಡಿದಿದೆ ಎಂದು ಊಹಿಸಬಹುದು.

ಪ್ರತಿ ಕೀಲಿಯೂ ಎರಡು ಸಲ ಸುದ್ದಿ ಕಳಿಸುತ್ತದೆ: ಒತ್ತಿದಾಗ ಒಂದು ಸಂಖ್ಯೆ, ಬಿಟ್ಟಾಗ ಇನ್ನೊಂದು. ಬಿಟ್ಟ ಸುದ್ದಿ ದಾರಿಯಲ್ಲಿ ಕಳೆದುಹೋದರೆ ಆ ಕೀಲಿಯನ್ನು ಇನ್ನೂ ಒತ್ತಿ ಹಿಡಿದಿದ್ದಾರೆಂದೇ ಯಂತ್ರ ನಂಬುತ್ತದೆ. ಕಂಟ್ರೋಲ್ ಕೀಲಿ ಹೀಗೆ ಅಂಟಿಕೊಂಡರೆ ಬರೆಯುವ ಪ್ರತಿ ಅಕ್ಷರವೂ ಆಜ್ಞೆಯಾಗಿಬಿಡುತ್ತದೆ. ಆ ಕೀಲಿಯನ್ನೇ ಇನ್ನೊಮ್ಮೆ ಒತ್ತಿ ಬಿಟ್ಟರೆ ಭೂತ ಇಳಿಯುತ್ತದೆ. ಲಿನಕ್ಸ್‌ನ ‘ಶೋಕೀ’ ಎಂಬ ಆಜ್ಞೆ ಈ ಸಂಖ್ಯೆಗಳನ್ನು ಬಂದ ಹಾಗೆಯೇ ತೋರಿಸುತ್ತದೆ. ವೈದ್ಯರಿಗೆ ಸ್ಟೆತೊಸ್ಕೋಪ್ ಇದ್ದಂತೆ ರಿಪೇರಿಯವರಿಗೆ ಅದು.

ಬೆಕ್ಕು ಕೇಳಿಸಿಕೊಂಡ ಇಲಿಯ ಮಾತು

ಮೌಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. 1990ರ ದಶಕದ ಸಾಮಾನ್ಯ ಮೌಸ್ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಜೋಡಣೆಯಾಗುತ್ತಿತ್ತು. ಅದಕ್ಕೆ ಪ್ರತ್ಯೇಕ ವಿದ್ಯುತ್ ಇಲ್ಲ. ಸಂಕೇತದ ತಂತಿಗಳಿಂದಲೇ ತುಸು ಕದ್ದು ಬದುಕುವ ಪ್ರಾಣಿ. ಹೊಟ್ಟೆಯಲ್ಲಿ ಒಂದು ರಬ್ಬರಿನ ಗುಂಡು, ಅದಕ್ಕೆ ಒತ್ತಿಕೊಂಡ ಎರಡು ಉರುಳೆ, ಉರುಳೆಯ ತುದಿಯಲ್ಲಿ ಸೀಳುಗಳಿರುವ ಚಕ್ರ, ಆ ಸೀಳುಗಳ ಮೂಲಕ ಹಾಯುವ ಕಣ್ಣಿಗೆ ಕಾಣದ ಬೆಳಕು. ಗುಂಡು ಉರುಳಿದಂತೆ ಬೆಳಕು ಕಡಿದು ಕಡಿದು ಬೀಳುತ್ತದೆ. ಆ ಎಣಿಕೆಯೇ ಚಲನೆ. ಪರದೆಯ ಮೇಲಿನ ಬಾಣ ಎಡಬಲಕ್ಕೆ ಸರಿದು ಮೇಲೆ ಕೆಳಗೆ ಹೋಗಲೊಲ್ಲದು ಎಂದರೆ ನೂರಕ್ಕೆ ತೊಂಬತ್ತು ಪಾಲು ಒಂದು ಉರುಳೆಗೆ ಜಿಡ್ಡು ಸುತ್ತಿಕೊಂಡಿರುತ್ತದೆ. ಉಗುರಿನಿಂದ ಕೆರೆದು ತೆಗೆಯುವುದೇ ಅದಕ್ಕೆ ಚಿಕಿತ್ಸೆ.

ಬಾಣ ಹುಚ್ಚು ಹಿಡಿದಂತೆ ಮೂಲೆಯಿಂದ ಮೂಲೆಗೆ ಹಾರಿದರೆ ಮಾತ್ರ ಕಾರಣ ಬೇರೆ. ಮೈಕ್ರೋಸಾಫ್ಟ್ ಕ್ರಮದ ಮೌಸ್ ತನ್ನ ಪ್ರತಿ ಚಲನೆಯನ್ನು 3 ಸಂಖ್ಯೆಗಳಲ್ಲಿ ಹೇಳುತ್ತದೆ. ಮೌಸ್ ಸಿಸ್ಟಮ್ಸ್ ಸಂಸ್ಥೆಯ ಕ್ರಮದ್ದು 5 ಸಂಖ್ಯೆಗಳಲ್ಲಿ. ಐದರ ಲೆಕ್ಕದವನ ಮಾತನ್ನು ಮೂರರ ಲೆಕ್ಕದವನು ಕೇಳಿಸಿಕೊಂಡರೆ ಗೊಂದಲವಾಗದೆ ಇನ್ನೇನಾದೀತು? ಮೂರು ಗುಂಡಿಯ ಹಲವು ಅಗ್ಗದ ಮೌಸ್‌ಗಳ ತಳದಲ್ಲಿ ಈ ಎರಡು ಕ್ರಮಗಳ ನಡುವೆ ಬದಲಿಸುವ ಸ್ವಿಚ್ಚು ಇರುತ್ತಿತ್ತು. ಲಿನಕ್ಸ್‌ನ ಕಡೆಯಿಂದಲೂ ಇದು ಯಾವ ಜಾತಿಯ ಮೌಸ್, ಯಾವ ಪೋರ್ಟಿನಲ್ಲಿದೆ ಎಂದು ಬರೆದು ತಿಳಿಸಬೇಕಿತ್ತು. ಅಲ್ಲೂ ಒಂದು ಗುಂಡಿ ಕಾದಿತ್ತು. ಡಾಸ್‌ನವರು ಪೋರ್ಟುಗಳನ್ನು 1ರಿಂದ ಎಣಿಸಿದರೆ ಲಿನಕ್ಸ್‌ನವರು ಸೊನ್ನೆಯಿಂದ ಎಣಿಸುತ್ತಾರೆ. ‘ಕಾಂ 1’ ಎಂದರೆ ಲಿನಕ್ಸ್‌ನಲ್ಲಿ ‘ಟಿಟಿವೈಎಸ್ 0’. ಒಂದರ ಬದಲು ಇನ್ನೊಂದನ್ನು ಬರೆದವರು ಇಲ್ಲದ ಮನೆಯ ಬಾಗಿಲು ತಟ್ಟುತ್ತ ಕೂರಬೇಕಾಗುತ್ತಿತ್ತು.

ಇಂತಹ ಸಂದರ್ಭದಲ್ಲಿ ಸತ್ಯ ತಿಳಿಯುವ ಸರಳ ದಾರಿ ‘ಕ್ಯಾಟ್’ ಎಂಬ ಆಜ್ಞೆ. ಕಡತಗಳನ್ನು ಜೋಡಿಸಿ ತೋರಿಸುವ ಆಜ್ಞೆಯ ಮೊಟಕು ಹೆಸರು ಅದು. ಬೆಕ್ಕಿಗೂ ಅದಕ್ಕೂ ನಂಟಿಲ್ಲ. ಯುನಿಕ್ಸ್‌ನಲ್ಲಿ ಉಪಕರಣವೂ ಒಂದು ಕಡತವೇ ಆದ್ದರಿಂದ ಮೌಸ್ ಇರುವ ಪೋರ್ಟಿನ ಹೆಸರನ್ನು ‘ಕ್ಯಾಟ್’ಗೆ ಕೊಟ್ಟು ಮೌಸನ್ನು ಅಲುಗಾಡಿಸಬೇಕು. ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು ಸುರಿದರೆ ಸಂತೋಷಪಡಬೇಕು. ಇಲಿ ಬದುಕಿದೆ, ಅದರ ಭಾಷೆಯನ್ನಷ್ಟೇ ಗುರುತಿಸಬೇಕಾಗಿದೆ.

ಫಿನ್‌ಲೆಂಡಿನ ಕೀಲಿಮಣೆ

ಹಾಲೆಂಡಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಪಾಠ ಹೇಳಲೆಂದು 1987ರಲ್ಲಿ ‘ಮಿನಿಕ್ಸ್’ ಎಂಬ ಪುಟ್ಟ ಯುನಿಕ್ಸ್ ರೂಪವನ್ನು ಹೊರತಂದರು. ಅದನ್ನು ಬಳಸುತ್ತಿದ್ದ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದರು. ಅದರ ಮೊದಲ ಆವೃತ್ತಿಯಲ್ಲಿ ಕೀಲಿಮಣೆಯ ವಿನ್ಯಾಸ ತಂತ್ರಾಂಶದೊಳಗೇ ಹೆಣೆದುಕೊಂಡಿತ್ತು. ಅದು ಅವರ ಮೇಜಿನ ಮೇಲಿದ್ದ ಫಿನ್ನಿಷ್ ಕೀಲಿಮಣೆ. ಬೇರೆ ದೇಶದವರು ಅದನ್ನು ಬಳಸಬೇಕಾದರೆ ಆ ಭಾಗವನ್ನು ತಿದ್ದಿ ಬರೆದುಕೊಳ್ಳಬೇಕಿತ್ತು. ಕೀಲಿಯ ಮೇಲೆ ಅಚ್ಚಾದ ಅಕ್ಷರ ಒಂದು, ಪರದೆಯಲ್ಲಿ ಮೂಡುವುದು ಇನ್ನೊಂದು ಎಂದರೆ ಕೀಲಿಮಣೆ ಕೆಟ್ಟಿದೆ ಎಂದಲ್ಲ, ಕೋಷ್ಟಕ ಬೇರೆಯವರದು ಎಂದು.

ಮುಂದೆ ಈ ಕೋಷ್ಟಕವನ್ನು ತಂತ್ರಾಂಶದಿಂದ ಹೊರತೆಗೆದು ಪ್ರತ್ಯೇಕ ಕಡತವಾಗಿ ಇಡಲಾಯಿತು. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ‘ಲೋಡ್‌ಕೀಸ್’ ಎಂಬ ಆಜ್ಞೆಯಿಂದ ಜಾರಿಗೆ ತರಬಹುದು. ಬೆಂಗಳೂರಿನ ಅತುಲ್ ಚಿಟ್ನಿಸ್ (1962–2013) ಅವರ ಆಸಕ್ತಿಯಿಂದ ‘ಪಿಸಿ ಕ್ವೆಸ್ಟ್’ ಪತ್ರಿಕೆ 1996ರಲ್ಲಿ ಲಿನಕ್ಸ್‌ನ ಸಿ.ಡಿ. ಹಂಚಿದಾಗ ನಮ್ಮಲ್ಲಿ ಅನೇಕರಿಗೆ ಇದರ ಮೊದಲ ಪರಿಚಯವಾಯಿತು. 2001ರಲ್ಲಿ ನಗರದಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಆರಂಭವಾಯಿತು.

‘ಕನ್ನಡ’ ಪ್ರಶ್ನಾರ್ಥಕವಾದ ಬಗೆ

ಕನ್ನಡಕ್ಕೆ ಈ ಮಾತುಕತೆಯ ಸಮಸ್ಯೆ ಹೊಸದಲ್ಲ. 1930ರ ದಶಕದಲ್ಲಿ ಅನಂತ ಸುಬ್ಬರಾಯರು ಕನ್ನಡದ ಬೆರಳಚ್ಚು ಯಂತ್ರವನ್ನು ರೂಪಿಸಿದಾಗ ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಇಂಗ್ಲಿಷಿಗೆಂದು ಹುಟ್ಟಿದ ಕೆಲವೇ ಕೀಲಿಗಳಿಗೆ ಹೊಂದಿಸಬೇಕಿತ್ತು. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವನ್ನು ಗೊತ್ತುಮಾಡಿತು: ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ, ಯುನಿಕ್ಸ್ ಯಂತ್ರಗಳಿಗೂ ಭಾರತೀಯ ಲಿಪಿಯ ಟರ್ಮಿನಲ್‌ಗಳನ್ನು ಒದಗಿಸಿತು.

ಇಲ್ಲೊಂದು ತೊಡಕು ಕಾದಿತ್ತು. ಇಂಗ್ಲಿಷ್ ಅಕ್ಷರಗಳಿಗೆ 0ಯಿಂದ 127ರವರೆಗಿನ ಸಂಖ್ಯೆಗಳು ಸಾಕು. ಅಂದರೆ 7 ಬಿಟ್‌ಗಳು. ಭಾರತೀಯ ಲಿಪಿಗಳ ‘ಇಸ್ಕಿ’ ಸಂಕೇತಗಳು ಇದ್ದದ್ದು 128ರ ಆಚೆ. ಅವಕ್ಕೆ ಎಂಟನೆಯ ಬಿಟ್ ಬೇಕೇ ಬೇಕು. ಹಳೆಯ ಯುನಿಕ್ಸ್‌ಗಾದರೋ ಸೀರಿಯಲ್ ತಂತಿಯಲ್ಲಿ ಬಂದ ಎಂಟನೆಯ ಬಿಟ್ಟನ್ನು ಕತ್ತರಿಸಿ ಎಸೆಯುವ ಅಭ್ಯಾಸವಿತ್ತು. ಕತ್ತರಿಸಿದರೆ ಪ್ರತಿ ಸಂಖ್ಯೆಯಲ್ಲೂ 128 ಕಡಿಮೆಯಾಗುತ್ತದೆ. ಇಸ್ಕಿಯಲ್ಲಿ ‘ಕ’ 179. ಅದರಲ್ಲಿ 128 ಕಳೆದರೆ 51. ಇಂಗ್ಲಿಷ್ ಕೋಷ್ಟಕದಲ್ಲಿ 51 ಎಂದರೆ ಅಂಕಿ 3. ‘ನ’ 198, ಉಳಿಯುವುದು 70, ಅಂದರೆ ಇಂಗ್ಲಿಷಿನ ದೊಡ್ಡ ‘ಎಫ್’. ಅರ್ಧಾಕ್ಷರದ ಗುರುತು 232. ಅದು ಸಣ್ಣ ‘ಎಚ್’ ಆಗುತ್ತದೆ. ಮತ್ತೆ ‘ನ’, ಮತ್ತೆ ‘ಎಫ್’. ‘ಡ’ 191, ಉಳಿಯುವ 63 ಪ್ರಶ್ನಾರ್ಥಕ ಚಿಹ್ನೆ. ಹೀಗೆ ‘ಕನ್ನಡ’ ಎಂದು ಬರೆದರೆ ಯಂತ್ರ ಓದುವುದು ಮೂರು, ಎಫ್, ಎಚ್, ಎಫ್, ಕೊನೆಗೊಂದು ಪ್ರಶ್ನೆ!

ಕೀಲಿಮಣೆ ಸರಿ, ತಂತಿ ಸರಿ, ಬೆರಳಚ್ಚುಗಾರರೂ ಸರಿ. ಆದರೂ ಕಡತದಲ್ಲಿ ಉಳಿಯುವುದು ಕಸ. ಆ ಕಸದಿಂದ ಮೂಲವನ್ನು ಸಲೀಸಾಗಿ ಮರಳಿ ಪಡೆಯಲೂ ಆಗದು. ನಡುವೆ ಬಂದ 3 ನಿಜವಾದ ಅಂಕಿಯೋ, ಬಿಟ್ ಕಳೆದುಕೊಂಡ ‘ಕ’ವೋ ಎಂದು ಹೇಳುವವರಾರು? ಒಂದು ಊರಿನ ಹೆಸರಿನ ಪಟ್ಟಿಯೋ, ಜಮೀನಿನ ಲೆಕ್ಕವೋ ಹೀಗೆ ಹಾಳಾದರೆ ನಷ್ಟ ಯಂತ್ರದ್ದಲ್ಲ, ಆ ಜನರದು. ಪರಿಹಾರ ಮಾತ್ರ ಒಂದೇ ಸಾಲಿನದು. ಎಂಟು ಬಿಟ್‌ಗಳನ್ನೂ ಬರಲು ಬಿಡು, ಯಾವುದನ್ನೂ ಕತ್ತರಿಸಬೇಡ ಎಂದು ‘ಎಸ್‌ಟಿಟಿವೈ’ ಮೂಲಕ ತಿಳಿಸಿದರೆ ಸಾಕಿತ್ತು.

ಈಗ ಇಸ್ಕಿಯ ಜಾಗಕ್ಕೆ ಯೂನಿಕೋಡ್ ಬಂದಿದೆ. ಅದರ ಬಳಕೆಯ ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್‌ಗಳು. ಅಳಿಸುವ ಕೀಲಿ ಒತ್ತಿದರೆ ಮೂರನ್ನೂ ಒಟ್ಟಿಗೆ ಅಳಿಸಬೇಕು ಎಂದು ಲಿನಕ್ಸ್‌ನ ಟಿಟಿವೈಗೆ ಕಲಿಸಿದ್ದು 2004ರಲ್ಲಿ. ಅದಕ್ಕೆ ಮೊದಲು ಅದು ಮೂರರಲ್ಲಿ ಒಂದನ್ನು ಮಾತ್ರ ಅಳಿಸಿ ಉಳಿದೆರಡನ್ನು ಅನಾಥವಾಗಿ ಬಿಡುತ್ತಿತ್ತು. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ಯ ಮೂಲಕ ಕನ್ನಡಿಗರ ಬೆರಳಿಗೆ ಒಗ್ಗಿದ ಕೀಲಿಮಣೆಯ ಕ್ರಮವೂ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನ ಕೋಷ್ಟಕಗಳ ನಡುವೆ ಸೇರಿದೆ. ಫಿನ್ನಿಷ್ ಕೀಲಿಮಣೆಯೊಡನೆ ಹುಟ್ಟಿದ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು ಕೋಷ್ಟಕ ತೆರೆದಿದ್ದುದರಿಂದ, ಅದನ್ನು ಕೂತು ತುಂಬಿದವರು ಇದ್ದುದರಿಂದ.

ಗುಜರಿಗೆ ಕೊಡುವ ಮುನ್ನ

ಹಳೆಯ ಕಂಪ್ಯೂಟರುಗಳನ್ನು ಅವುಗಳ ಕೀಲಿಮಣೆ, ಮೌಸ್ ಸಮೇತ ವಿದ್ಯುನ್ಮಾನ ತ್ಯಾಜ್ಯವೆಂದು ಪರಿಗಣಿಸಿ, ಅವುಗಳ ವಿಲೇವಾರಿಗೆ ನಿಯಮಗಳು ಬಂದಿವೆ. 2011ರಲ್ಲಿ ರೂಪಿಸಿದ ನಿಯಮಗಳು 2012ರ ಮೇ 1ರಿಂದ ಜಾರಿಯಾದವು. ಪರಿಷ್ಕೃತ ನಿಯಮಗಳು 2023ರ ಏಪ್ರಿಲ್‌ನಿಂದ ನಡೆಯುತ್ತಿವೆ. ನಿಜವಾಗಿ ಸತ್ತದ್ದಕ್ಕೆ ಅದೇ ಸರಿಯಾದ ದಾರಿ. ಆದರೆ ಸತ್ತಿದೆ ಎಂದು ಹೇಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ದೀಪ ಮಿನುಗುತ್ತದೆಯೇ? ತಳದ ಸ್ವಿಚ್ಚು ಯಾವ ಕಡೆಗಿದೆ? ಸಂಖ್ಯೆಗಳು ಬಂದು ತಲುಪುತ್ತಿವೆಯೇ? ತಲುಪಿದ ಸಂಖ್ಯೆಗಳನ್ನು ಯಾವ ಕೋಷ್ಟಕದಿಂದ ಓದಲಾಗುತ್ತಿದೆ? ಉಪಕರಣದಿಂದ ತಂತ್ರಾಂಶದ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟರೆ ದೋಷ ತಾನಾಗಿ ಸಿಕ್ಕಿಬೀಳುತ್ತದೆ.

ಈ ವಿದ್ಯೆ ಪೂರ್ತಿ ಹಳತಾಗಿಲ್ಲ. 1984ರ ಎಟಿ ಕೀಲಿಮಣೆಯ ಜೊತೆ ಮಾತನಾಡುವ ಚಾಲಕ ತಂತ್ರಾಂಶ ಇಂದಿನ ಲಿನಕ್ಸ್‌ನಲ್ಲೂ ಇದೆ. ಎಷ್ಟೋ ಲ್ಯಾಪ್‌ಟಾಪ್‌ಗಳ ಕೀಲಿಮಣೆಗಳು ಒಳಗೊಳಗೆ ಅದೇ ನುಡಿಯನ್ನಾಡುತ್ತವೆ. ಹಾಗಾಗಿ ಹಳೆಯ ಕೀಲಿಮಣೆಯೊಂದು ತಕ್ಕಡಿಗೆ ಬೀಳುವ ಮುನ್ನ ಅದನ್ನೊಮ್ಮೆ ಮಗುಚಿ ನೋಡುವುದು ಒಳ್ಳೆಯದು. ರಸೆಲ್ ಮಾರುಕಟ್ಟೆಯ ಅಂಗಡಿಯವನು ಗಿರಾಕಿಯ ಕನ್ನಡ ಅರ್ಥವಾಗದಿದ್ದರೆ ಅವನನ್ನು ಮೂಗನೆಂದು ಕಳಿಸಿಬಿಡುವುದಿಲ್ಲ. ತಮಿಳಿನಲ್ಲಿ ಕೇಳಿ ನೋಡುತ್ತಾನೆ, ಅದೂ ಆಗದಿದ್ದರೆ ಉರ್ದುವಿನಲ್ಲಿ.